ಡಾಂಬರು ಮುಗಿಯುವ ಮೊದಲೇ 4ಎಚ್: ಪಿಕಪ್‌ನ ಫೋರ್ ವೀಲ್ ಡ್ರೈವ್ ಬಳಸುವ ಬಗೆ

ಗೋವಾದ ನೇತ್ರಾವಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಹೋಗುವ ದಾರಿಯಲ್ಲಿ, ಡಾಂಬರು ಮುಗಿಯುವ ಕಡೆ ಒಂದು ಹಲಸಿನ ಮರ ಇದೆ. ಅಲ್ಲಿಂದ ತೋಟದ ಮನೆಗೆ ಒಂದೂವರೆ ಕಿಲೋಮೀಟರ್. ಕೆಂಪು ಮಣ್ಣು, ಚಿರೆಕಲ್ಲಿನ ಏರು, ನಡುವೆ ಒಂದು ಹಳ್ಳ. ಮಳೆಗಾಲ ಶುರುವಾದರೆ ನಾನು ಆ ಮರದ ಕೆಳಗೆ ಗಾಡಿ ನಿಧಾನ ಮಾಡಿ ನಾಬ್ ಅನ್ನು 4ಎಚ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಡೆಗೆ, ತಿರುಗಿಸುತ್ತೇನೆ. ವಾಪಸ್ ಬರುವಾಗ ಅದೇ ಮರದ ಕೆಳಗೆ 2ಎಚ್, ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಏಳು ವರ್ಷದಿಂದ ಹೀಗೇ.

ನಾನು ಶಿರಸಿ ಕಡೆಯವಳು, ಮದುವೆಯಾಗಿ ಗೋವಾಕ್ಕೆ ಬಂದೆ. ಮನೆಯವರಿಗೆ ಬೆನ್ನುನೋವು ಶುರುವಾದ ಮೇಲೆ ಪಿಕಪ್ ನನ್ನ ಕೈಗೆ ಬಂತು. ನಮ್ಮದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಸೆಕೆಂಡ್ ಹ್ಯಾಂಡ್, ಮ್ಯಾನುಯಲ್ ಗೇರ್. ಈಗ ಓರಗಿತ್ತಿಗೆ ಕಲಿಸುತ್ತಿದ್ದೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅವಳು ಕೇಳಿದ ಮೊದಲ ಪ್ರಶ್ನೆ: "ಅಕ್ಕಾ, ನಾಲ್ಕೂ ಚಕ್ರಕ್ಕೆ ಶಕ್ತಿ ಸಿಗುತ್ತದೆ ಅಂದಮೇಲೆ ಯಾವಾಗಲೂ ಅದರಲ್ಲೇ ಇಟ್ಟರೆ ಆಗಲ್ವಾ?"

ಆಗುವುದಿಲ್ಲ. ಯಾಕೆ ಅನ್ನುವುದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಗಾಡಿ ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಒಳಗಿನಿಂದ ಸಣ್ಣ ಸುತ್ತು ಹಾಕುತ್ತವೆ. ಎತ್ತಿನ ಗಾಡಿ ಗದ್ದೆಯ ಮೂಲೆಯಲ್ಲಿ ತಿರುಗಿದ ಗುರುತು ನೋಡಿದವರಿಗೆ ಇದು ಗೊತ್ತು. 2ಎಚ್‌ನಲ್ಲಿ ಎಂಜಿನ್ ಹಿಂದಿನ ಚಕ್ರಗಳನ್ನು ಮಾತ್ರ ತಳ್ಳುತ್ತದೆ, ಮುಂದಿನವು ತಮ್ಮ ಪಾಡಿಗೆ ಉರುಳುತ್ತವೆ. 4ಎಚ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳನ್ನು ಒಟ್ಟಿಗೆ ಬಿಗಿದುಬಿಡುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗ ಇಲ್ಲ. ಆ ಬಿಗಿತವೆಲ್ಲ ಶಾಫ್ಟ್ ಮತ್ತು ಗೇರುಗಳ ಮೇಲೆ ಕೂರುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಗಾಡಿ ಯಾರೋ ಹಿಂದಿನಿಂದ ಎಳೆದು ಹಿಡಿದಂತೆ ಜಗ್ಗುತ್ತದೆ, ಟೈರು ಸವೆಯುತ್ತದೆ. ಹೀಗೇ ಓಡಿಸುತ್ತಾ ಹೋದರೆ ಟ್ರಾನ್ಸ್‌ಫರ್ ಕೇಸ್‌ಗೇ ಏಟು.

ನಮ್ಮಲ್ಲಿ ಸಿಗುವ ವಿ-ಕ್ರಾಸ್, ಹೈಲಕ್ಸ್ ಎರಡೂ ಇದೇ ಜಾತಿಯವು. ಕೆಲವು ದೊಡ್ಡ ಎಸ್‌ಯುವಿಗಳಲ್ಲಿ ನಡುವೆ ಸೆಂಟರ್ ಡಿಫರೆನ್ಷಿಯಲ್ ಇರುತ್ತದೆ, ಮುಂದಿನ ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಅದು. ಅವನ್ನು ಡಾಂಬರಿನಲ್ಲೂ ನಾಲ್ಕು ಚಕ್ರದಲ್ಲಿ ಓಡಿಸಬಹುದು. ಅದನ್ನು ನೋಡಿ ನಾವು ಹಾಗೆ ಮಾಡಬಾರದು.

ಇನ್ನು 4ಎಚ್ ಯಾವಾಗ? ನೆಲ ಜಾರಲು ಶುರುವಾಗುವ ಮೊದಲು. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೆಚ್ಚಿನವರು 2ಎಚ್‌ನಲ್ಲೇ ನುಗ್ಗಿ, ಚಕ್ರ ಹೂತ ಮೇಲೆ ನಾಬ್ ಹುಡುಕುತ್ತಾರೆ. ಅಷ್ಟರಲ್ಲಿ ಹಿಂದಿನ ಚಕ್ರ ತನಗೊಂದು ಗುಂಡಿ ತೋಡಿಕೊಂಡಿರುತ್ತದೆ, ಗಾಡಿಯ ಹೊಟ್ಟೆ ಮಣ್ಣಿನ ಮೇಲೆ ಕೂತಿರುತ್ತದೆ. ಆಗ ನಾಲ್ಕು ಚಕ್ರ ತಿರುಗಿದರೂ ಪ್ರಯೋಜನ ಕಡಿಮೆ. ಪಿಕಪ್‌ನಲ್ಲಂತೂ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಖಾಲಿ ಗಾಡಿಯ ಹಿಂಭಾಗ ಹಗುರ. ಅಡಿಕೆಯನ್ನು ಬಾಗಾಯತದಾರ ಸಹಕಾರಿ ಸಂಘಕ್ಕೆ ಹಾಕಿ ಖಾಲಿ ಬರುವ ದಿನ ನಮ್ಮ ಗಾಡಿ ಅದೇ ಏರಿನಲ್ಲಿ ಹೆಚ್ಚು ಜಾರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಮರಳು ತುಂಬಿದ ನಾಲ್ಕು ಚೀಲಗಳನ್ನು ಹಿಂದಿನ ಆಕ್ಸಲ್‌ನ ನೇರಕ್ಕೆ ಇಟ್ಟು ಹಗ್ಗದಿಂದ ಕಟ್ಟಿರುತ್ತೇನೆ. ತೀರಾ ಹಿಂದೆ, ಬಾಗಿಲಿನ ಹತ್ತಿರ ಇಡಬೇಡಿ. ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ.

2ಎಚ್‌ನಿಂದ 4ಎಚ್‌ಗೆ ಓಡುತ್ತಿರುವಾಗಲೇ ಬದಲಿಸಬಹುದು. ಎಷ್ಟು ವೇಗದವರೆಗೆ ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ನಾನು 40ರ ಮೇಲೆ ಎಂದೂ ಮಾಡುವುದಿಲ್ಲ. ಸ್ಟೀರಿಂಗ್ ನೇರ ಇರಲಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ನಾಬ್ ತಿರುಗಿಸಿ, ಮೀಟರಿನಲ್ಲಿರುವ ಅದರ ದೀಪ ನೋಡಿ. ದೀಪ ಮಿನುಗುತ್ತಿದ್ದರೆ ಒಳಗೆ ಇನ್ನೂ ಕೂತಿಲ್ಲ ಎಂದರ್ಥ. ಸ್ಥಿರವಾಗಿ ಹತ್ತಿದ ಮೇಲೆಯೇ ಕೆಸರಿಗೆ ಇಳಿಯಿರಿ. ಚಕ್ರ ಗರಗರ ಸುತ್ತುತ್ತಿರುವಾಗ ಮಾತ್ರ ಯಾವತ್ತೂ ಬದಲಿಸಬೇಡಿ. ನಾಬ್ ಬದಲು ಎರಡನೇ ಲಿವರ್ ಇರುವ ಹಳೆಯ ಗಾಡಿಯಾದರೆ, ಮುಂದಿನ ಚಕ್ರದ ಹಬ್ ಅನ್ನು ಇಳಿದು ಕೈಯಿಂದ ಲಾಕ್ ಮಾಡಬೇಕೇ ಅಂತಲೂ ಕೇಳಿಕೊಳ್ಳಿ.

ವಾಪಸ್ 2ಎಚ್‌ಗೆ ಬರುವಾಗ ಕೆಲವೊಮ್ಮೆ ದೀಪ ಆರುವುದೇ ಇಲ್ಲ. ಗಾಬರಿ ಬೇಡ, ಒಳಗೆ ಬಿಗಿತ ಉಳಿದಿದೆ ಅಷ್ಟೆ. ಸ್ಟೀರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ಹಿಂದಕ್ಕೆ ಹೋಗಿ, ಮತ್ತೆ ಮುಂದೆ ಬನ್ನಿ. ಬಿಡುತ್ತದೆ.

ನಮ್ಮ ಗಾಡಿಯಲ್ಲಿ ಒಂದು ವರ್ಷ ಇದು ದಿನಾ ಆಗುತ್ತಿತ್ತು. ಆಕ್ಚುಯೇಟರ್ (ನಾಬ್ ತಿರುಗಿಸಿದಾಗ ಒಳಗೆ 4ಎಚ್ ಹಾಕಿ ತೆಗೆಯುವ ಭಾಗ) ಕೆಟ್ಟಿದೆ, ಬದಲಿಸಬೇಕು ಎಂದು ಒಂದು ಗ್ಯಾರೇಜಿನಲ್ಲಿ ಹೇಳಿದರು. ದುಡ್ಡು ಹೊಂದಿಸುತ್ತಿದ್ದೆವು. ಒಂದು ದಿನ ಗಾಡಿ ತೊಳೆಯುವಾಗ ಟೈರಿನ ಬದಿಯ ಅಕ್ಷರ ಓದಿದೆ. ಮುಂದಿನ ಎರಡು ಟೈರು ಹಿಂದಿನವುಗಳಿಗಿಂತ ಬೇರೆ ಸೈಜು! ಪಂಕ್ಚರ್ ಆದಾಗ ಅಂಗಡಿಯವರು ಹಾಕಿಕೊಟ್ಟಿದ್ದನ್ನು ನಾವು ನೋಡಿರಲೇ ಇಲ್ಲ. ಸುತ್ತಳತೆ ಬೇರೆಯಾದರೆ ನೇರ ರಸ್ತೆಯಲ್ಲೂ ಮುಂದಿನ ಹಿಂದಿನ ಲೆಕ್ಕ ಹೊಂದುವುದಿಲ್ಲ. ನಾಲ್ಕೂ ಒಂದೇ ಸೈಜು ಮಾಡಿದ ಮೇಲೆ ತೊಂದರೆ ನಿಂತಿತು. ಹಾಗಾಗಿ ಫೋರ್ ಬೈ ಫೋರ್ ಇರುವವರು ನಾಲ್ಕೂ ಟೈರನ್ನು ಒಂದೇ ಸೈಜು, ಆದಷ್ಟು ಒಂದೇ ಸವೆತದಲ್ಲಿ ಇಟ್ಟುಕೊಳ್ಳಿ. ಸ್ಟೆಪ್ನಿಯನ್ನೂ ನೋಡಿ.

4ಎಲ್, ಅಂದರೆ ನಾಲ್ಕು ಚಕ್ರದ ನಿಧಾನ ಗೇರು, ಬೇರೆಯೇ ಸಂಗತಿ. ಅದಕ್ಕೆ ಗಾಡಿ ಪೂರ್ತಿ ನಿಲ್ಲಬೇಕು. ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್ ಮಾಡಿ, ನಾಬ್ ತಿರುಗಿಸಿ ಕಾಯಬೇಕು. ಇದರಲ್ಲಿ ಗಾಡಿಯ ವೇಗ ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ, ಚಕ್ರದ ಬಲ ಅಷ್ಟೇ ಏರುತ್ತದೆ. ಕೆಸರು ಕಂಡ ಕೂಡಲೇ 4ಎಲ್ ಬೇಕಿಲ್ಲ. ಸಮತಟ್ಟಾದ ಕೆಸರಿಗೆ ಸ್ವಲ್ಪ ಓಟ ಬೇಕು, ಅಲ್ಲಿ 4ಎಚ್ ಒಳ್ಳೆಯದು. ಕಡಿದಾದ ಏರು, ಕಲ್ಲುದಾರಿ, ಹೂತ ಗಾಡಿ ಎಳೆಯುವುದು, ಜಾರುವ ಇಳಿಜಾರು, ಇವಕ್ಕೆ 4ಎಲ್. ಜಾರುವ ನೆಲದಲ್ಲಿ ಎರಡನೇ ಗೇರಿನಲ್ಲಿ ಹೊರಡಿ. ಮೊದಲನೆಯದರಲ್ಲಿ ಬಲ ಜಾಸ್ತಿಯಾಗಿ ಚಕ್ರ ಸುಮ್ನೆ ಸುತ್ತುತ್ತದೆ.

ಇಳಿಜಾರಿನ ಮಾತು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನಗೆ ನಿಜವಾಗಿ ಭಯವಾದದ್ದು ಇಳಿಯುವಾಗ. ಮೊದಲ ಮಳೆಗಾಲ. ನಮ್ಮ ಚಿರೆಕಲ್ಲಿನ ಏರಿನ ಮೇಲೆ ಪಾಚಿ ಕಟ್ಟಿತ್ತು. ಗಾಡಿಯಲ್ಲಿ ಬಾಳೆಗೊನೆ, ಪಕ್ಕದ ಸೀಟಿನಲ್ಲಿ ಅತ್ತೆ. ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಹಾಗೇ ಜಾರಿ ತೆಂಗಿನ ಮರಕ್ಕೆ ಒರಗಿತು. ಅತ್ತೆ ನನ್ನ ಭುಜ ಹಿಡಿದು, "ಹೆದರಬೇಡ ಮಗಾ, ಇಬ್ಬರೂ ಇದ್ದೇವಲ್ಲ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಈಗ ಇಳಿಯುವ ಮೊದಲು ಮೇಲೇ ನಿಲ್ಲಿಸಿ 4ಎಲ್, ಮೊದಲ ಗೇರ್. ಕ್ಲಚ್ ಮೇಲೆ ಕಾಲೇ ಇಲ್ಲ. ಎಂಜಿನ್ ಗಾಡಿಯನ್ನು ಹಿಡಿದು ಮೆಲ್ಲಗೆ ಇಳಿಸುತ್ತದೆ. ಗಾಡಿ ಜಾರತೊಡಗಿದರೆ ಬ್ರೇಕ್ ಬಿಟ್ಟು, ಚಕ್ರ ಮತ್ತೆ ಉರುಳುವಷ್ಟು ಒಂಚೂರು ಆಕ್ಸಿಲರೇಟರ್ ಕೊಡಿ. ಮನಸ್ಸು ಒಪ್ಪುವುದಿಲ್ಲ, ಆದರೂ ಮಾಡಿ. ಉರುಳುವ ಚಕ್ರ ಮಾತ್ರ ಸ್ಟೀರಿಂಗ್ ಮಾತು ಕೇಳುತ್ತದೆ.

ಅಣಮೋಡ ಘಾಟಿನಲ್ಲಿ ಮಳೆ ಬಂದರೆ 4ಎಚ್ ಹಾಕಬೇಕೇ ಅಂತ ಮಡಗಾಂವಿನ ಕನ್ನಡದವರು ಕೇಳುತ್ತಾರೆ. ನಾನು ಹಾಕುವುದಿಲ್ಲ. ಡಾಂಬರು ಒದ್ದೆಯಾದರೂ ಅದು ಡಾಂಬರೇ, ಆ ಬಿಗಿ ತಿರುವುಗಳಲ್ಲಿ ಗಾಡಿ ಜಗ್ಗುತ್ತದೆ. ಗುಡ್ಡದ ಮಣ್ಣು ರಸ್ತೆಗೆ ಬಿದ್ದಿದ್ದರೆ ಅಷ್ಟು ದೂರಕ್ಕೆ ಹಾಕಿ ತೆಗೆಯುತ್ತೇನೆ. ನಾಲ್ಕು ಚಕ್ರ ಎಳೆದರೆ ಗಾಡಿ ಹೊರಡುವುದು ಸುಲಭ, ನಿಲ್ಲುವುದಲ್ಲ. ಬ್ರೇಕಿನ ದೂರ ಒಂದು ಅಡಿಯೂ ಕಡಿಮೆಯಾಗುವುದಿಲ್ಲ. ಮತ್ತೆ, ಫೋರ್ ಬೈ ಫೋರ್ ಇದೆ ಅಂತ ಬೀಚಿಗೆ ಇಳಿಸಬೇಡಿ. ಗೋವಾದ ಬೀಚುಗಳಲ್ಲಿ ಗಾಡಿ ಓಡಿಸುವುದಕ್ಕೆ ನಿಷೇಧ ಇದೆ, ಪೊಲೀಸರು ಕೇಸು ಹಾಕುತ್ತಾರೆ.

ನಾಲ್ಕು ಚಕ್ರ ಅಂದರೂ ಕೆಲವೊಮ್ಮೆ ಎರಡೇ ಸುತ್ತುತ್ತವೆ. ಮುಂದಿನ ಎಡ, ಹಿಂದಿನ ಬಲ ಚಕ್ರ ಹಗುರಾಗಿ ಮೇಲೆದ್ದರೆ ಶಕ್ತಿಯೆಲ್ಲ ಆ ಎರಡಕ್ಕೇ ಹರಿದುಹೋಗುತ್ತದೆ. ಹೈಲಕ್ಸ್‌ನಲ್ಲಿರುವಂತೆ ಹಿಂದಿನ ಡಿಫ್ ಲಾಕ್ (ಹಿಂದಿನ ಎರಡೂ ಚಕ್ರವನ್ನು ಒಟ್ಟಿಗೆ ಬಿಗಿಯುವ ವ್ಯವಸ್ಥೆ) ಇದ್ದರೆ ಆಗ ಹಾಕಿ, ನಿಧಾನವಾಗಿ ನೇರ ಹೊರಬನ್ನಿ, ಕೂಡಲೇ ತೆಗೆಯಿರಿ. ಇಲ್ಲದಿದ್ದರೆ ಇಳಿದು ಕಲ್ಲು ತುಂಬಿ. ಹೂತಾಗ ರೊಯ್ಯನೆ ಆಕ್ಸಿಲರೇಟರ್ ಕೊಡಬೇಡಿ. ನಮ್ಮ ತೋಟದಲ್ಲಿ ಕೆಲಸಕ್ಕಿರುವ ಗದಗಿನ ಹುಡುಗ ಕಲಿಸಿಕೊಟ್ಟ ಉಪಾಯ ನನಗೆ ತುಂಬ ಸಲ ಕೈಹಿಡಿದಿದೆ: ಚಕ್ರದ ಮುಂದಿನ ಮಣ್ಣನ್ನು ಇಳಿಜಾರಾಗಿ ತೆಗೆದು, ಚಿರೆಕಲ್ಲಿನ ಚೂರು, ಅದರ ಮೇಲೆ ಅಡಿಕೆ ಸೋಗೆ. ಆಮೇಲೆ 4ಎಲ್, ಎರಡನೇ ಗೇರ್, ಮೆಲ್ಲಗೆ. ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಿದರೆ ಮೆತ್ತನೆ ಮಣ್ಣಿನಲ್ಲಿ ಹಿಡಿತ ಬರುತ್ತದೆ. ಡಾಂಬರಿಗೆ ಬಂದ ಕೂಡಲೇ ತುಂಬಿಸಿ, ಅದಕ್ಕೆ ಸಣ್ಣ ಪಂಪು ಗಾಡಿಯಲ್ಲೇ ಇರಲಿ.

ಹಳ್ಳ ದಾಟುವ ಮೊದಲು ಕೋಲು ಹಿಡಿದು ನಡೆದು ನೋಡುತ್ತೇನೆ. ನನಗೆ ನಡೆಯಲು ಆಗದ ಸೆಳೆತ ಇದ್ದರೆ ಗಾಡಿಯೂ ಹೋಗಬಾರದು, ಅವತ್ತು ಗೊನೆ ತೋಟದಲ್ಲೇ ಇರಲಿ. ನೀರು ಕಡಿಮೆ ಇದ್ದರೆ ದಡದಲ್ಲೇ 4ಎಲ್, ಎರಡನೇ ಗೇರ್. ನಡುವೆ ಗೇರ್ ಬದಲಿಸುವುದಿಲ್ಲ, ಕ್ಲಚ್ ಮುಟ್ಟುವುದಿಲ್ಲ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಳಗೆ ನೀರು ಹೋಗಿದ್ದರೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡೇ ಬಾಗಬಹುದು. ದಾಟಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಬೇಸಿಗೆಯಲ್ಲಿ 4ಎಚ್ ಬೇಕಾಗುವುದಿಲ್ಲ, ಆದರೂ ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಎರಡು ಕಿಲೋಮೀಟರ್ ಹಾಕಿ ಓಡಿಸಿ. ಎಣ್ಣೆ ಎಲ್ಲ ಕಡೆ ಹರಿಯುತ್ತದೆ, ಆಕ್ಚುಯೇಟರ್ ಹಿಡಿದುಕೊಳ್ಳುವುದಿಲ್ಲ. ಮಳೆಗಾಲ ಮುಗಿದ ಮೇಲೆ ಗ್ಯಾರೇಜಿನಲ್ಲಿ ಎರಡೂ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್‌ನ ಎಣ್ಣೆ ತೆಗೆಸಿ, ನೀವೇ ನಿಂತು ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಎಣ್ಣೆ ಬದಲಿಸಿದರೆ ಸಾಲದು, ಯಾವ ಸೀಲಿನಿಂದ ಒಳಗೆ ಬಂತು ಅಂತ ಹುಡುಕಿಸಿಯೇ ಗಾಡಿ ತನ್ನಿ.