ಮೈಕ್ರೋಸ್ಕೋಪ್ ಹೊತ್ತು ಅಡಿಕೆ ತೋಟಕ್ಕೆ

ಅಡಿಕೆಯ ಕೊಳೆರೋಗ ನನ್ನ ಸಂಶೋಧನೆಯ ವಿಷಯ. ಮಲೆನಾಡಿನಲ್ಲಿ ಈ ರೋಗದ ಬಗ್ಗೆ ನನಗಿಂತ ಜಾಸ್ತಿ ಮಳೆಗಾಲ ತಲೆ ಕೆಡಿಸಿಕೊಂಡವರು ಊರಿಗೆ ಹತ್ತು ಜನ ಸಿಗುತ್ತಾರೆ. ಅಂಥವರನ್ನು ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸಿದರೆ ಮಧ್ಯಾಹ್ನದ ಊಟ ಮುಗಿಸಿ ಹೊರಡುತ್ತಾರೆ, ಅಷ್ಟೇ.

ಅದಕ್ಕೇ ಮಳೆಗಾಲದಲ್ಲಿ ಮೈಕ್ರೋಸ್ಕೋಪ್ ಹೊತ್ತುಕೊಂಡು ತೋಟದ ಮನೆಗಳಿಗೇ ಹೋಗತೊಡಗಿದೆ. ಉದುರಿದ ಕಾಯಿಯ ಮೇಲಿನ ಬಿಳಿ ಬೂಷ್ಟನ್ನು ಚೂರು ಕೆರೆದು ತಣ್ಣನೆ ನೀರಿನ ಹನಿಯಲ್ಲಿ ಇಡುತ್ತೇನೆ. ಜಗಲಿಯಲ್ಲಿ ಕಾಫಿ, ಮಾತು. ಅದೃಷ್ಟ ಇದ್ದರೆ ಅರ್ಧ ಗಂಟೆಯಲ್ಲಿ, ಕೊಳೆರೋಗ ತರುವ ಸೂಕ್ಷ್ಮಜೀವಿ ಫೈಟಾಫ್ತೊರದ ಪುಟ್ಟ ಚೀಲಗಳು ಒಡೆದು ಬೀಜಕಗಳು ಈಜತೊಡಗುತ್ತವೆ. 400 ಪಟ್ಟು ದೊಡ್ಡದಾಗಿ ಕಾಣುವ ಆ ಓಡಾಡುವ ಚುಕ್ಕಿಗಳನ್ನು ಕಂಡವರು "ಈಜ್ತದಲ್ಲ ಮಾರಾಯ್ರೆ!" ಅಂದುಬಿಡುತ್ತಾರೆ. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಯಾಕೆ ಹೊಡೆಯಬೇಕು ಎಂದು ಆಮೇಲೆ ಬಿಡಿಸಿ ಹೇಳಬೇಕಿಲ್ಲ.

ಬೋರ್ಡೋ ಅವರಿಗೆ ಹೊಸದೇನಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಈ ದ್ರಾವಣವನ್ನು ರೂಢಿಗೆ ತಂದವರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ಮಕ್ಕಳಿಗೂ ಬಾಯಿಪಾಠ. ಹದ ನೋಡಲು ಹೊಳೆಯುವ ಕತ್ತಿ ಅದ್ದುತ್ತಾರೆ. ಕೆಂಪಗೆ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಅದು ಕಬ್ಬಿಣದ ಮೇಲೆ ಕೂತ ಮೈಲುತುತ್ತದ ತಾಮ್ರ ಎಂದು ನಾನು ಸೇರಿಸುತ್ತೇನೆ. ಅಷ್ಟರಲ್ಲಿ ಮಾತು ತಾನಾಗಿ ಬೆಳೆದಿರುತ್ತದೆ.

ಇದರಿಂದ ನನಗೆ ಆದ ಲಾಭವೇ ಹೆಚ್ಚು. ಹಲವು ಮನೆಗಳಲ್ಲಿ ಮಳೆ ಅಳೆದು ದಿನಾ ಪುಸ್ತಕದಲ್ಲಿ ಬರೆದಿಡುತ್ತಾರೆ. ತಾಲೂಕು ಕೇಂದ್ರದ ಲೆಕ್ಕ ಗುಡ್ಡದ ಈಚೆಗೆ ಹೊಂದುವುದೇ ಇಲ್ಲ ಅಲ್ವಾ? ಮನೆಯವರನ್ನು ಕೇಳಿ ಆ ಪುಟಗಳ ಫೋಟೋ ತೆಗೆದುಕೊಂಡೆ. ಹೆಸರು ಹಾಕಬಹುದೇ ಎಂದೂ ಕೇಳಿದೆ. ಪ್ರಬಂಧ ಕಳಿಸುವ ಮುಂಚೆ ಫಲಿತಾಂಶವನ್ನು ಅದೇ ಜಗಲಿಯಲ್ಲಿ ಕನ್ನಡದಲ್ಲಿ ಓದಿ ಹೇಳಿದೆ. ಅಲ್ಲಿ ಬಂದ ಪ್ರಶ್ನೆಗಳು ಜರ್ನಲ್‌ನ ವಿಮರ್ಶಕರದ್ದಕ್ಕಿಂತ ಖಾರ! ಔಷಧಿ ಹೊಡೆಸುವ ಕೂಲಿ ಎಷ್ಟಾಗುತ್ತದೆ ಎಂದು ಯಾವ ವಿಮರ್ಶಕರೂ ಕೇಳಿದ್ದಿಲ್ಲ.

ಬಡ್ತಿಯ ಲೆಕ್ಕದಲ್ಲಿ ಇದಕ್ಕೆಲ್ಲ ಬೆಲೆ ಇಲ್ಲ ಎನ್ನುವುದೂ ನಿಜ. ಇರಲಿ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ: ಯಜಮಾನರ ಹತ್ತಿರ ಮಾತ್ರ ಮಾತಾಡಿ ಬರಬೇಡಿ. ಕೊನೆಗೌಡರನ್ನು ಕೇಳಿ. ಮರ ಹತ್ತಿ ಗೊನೆಯನ್ನು ಹತ್ತಿರದಿಂದ ನೋಡುವವರು ಅವರು. ಹಳ್ಳದ ಬದಿಯ ಸಾಲಿನಲ್ಲೇ ಮೊದಲು ಕೊಳೆ ಕಾಣುತ್ತದೆ ಎಂದು ಅವರಲ್ಲೊಬ್ಬರು ಹೇಳಿದರು. ಈ ಸಲ ನನ್ನ ವಿದ್ಯಾರ್ಥಿಗಳು ಕಾಯಿ ಆರಿಸುವುದು ಆ ಸಾಲಿನಿಂದಲೇ.