ಮುರಿದ ಪಾರ್ಟು ಗುಜರಿಗೆ ಹೋಗುವ ಮೊದಲು

ಬಿಚ್ಚಿದ ಪಾರ್ಟು ಎಷ್ಟೇ ಸವೆದಿರಲಿ, ಎರಡು ಹೋಳಾಗಿರಲಿ, ಗಾಡಿ ಮತ್ತೆ ರಸ್ತೆಗಿಳಿದು 500 ಕಿಲೋಮೀಟರ್ ಓಡುವವರೆಗೆ ನಾನು ಅದನ್ನು ಗುಜರಿಗೆ ಹಾಕುವುದಿಲ್ಲ. ಹಳೇ ಅಂಬಾಸಿಡರ್‌ಗೋ ಫಿಯೆಟ್‌ಗೋ ಹೆರಾಲ್ಡ್ ಕಾರಿಗೋ ಕಂಪನಿಯ ಡ್ರಾಯಿಂಗ್ ನಮ್ಮ ಕೈಗೆ ಸಿಗುವುದಿಲ್ಲ. ಆ ಮುರಿದ ತುಂಡೇ ಡ್ರಾಯಿಂಗ್. ಹೊರವ್ಯಾಸ, ಥ್ರೆಡ್ಡು, ಎಣ್ಣೆ ಹೋಗುವ ತೂತು ಎಲ್ಲಿದೆ, ಎಡಗಡೆಯದೋ ಬಲಗಡೆಯದೋ, ಎಲ್ಲ ಅದರ ಮೈಮೇಲೇ ಇದೆ. ಎಷ್ಟೋ ಗಾಡಿಗಳು ವರ್ಷಗಟ್ಟಲೆ ಶೆಡ್ಡಿನಲ್ಲೇ ಕೂತಿರುವುದು ಹೊಸ ಪಾರ್ಟು ಸಿಗದೆ ಅಲ್ಲ, ಹಳೇ ಪಾರ್ಟನ್ನು ಮೆಕ್ಯಾನಿಕ್ ಎಸೆದುಬಿಟ್ಟ ಮೇಲೆ ಏನು ಹುಡುಕಬೇಕೆಂದೇ ತಿಳಿಯದೆ.

ಬಿಚ್ಚುವಾಗಲೇ ಚೀಟಿ ಕಟ್ಟುತ್ತೇನೆ. ಕಾಗದದ ಚೀಟಿ ಎಣ್ಣೆಗೆ ನೆನೆದು ಅಕ್ಷರ ಅಳಿಸಿಹೋಗುತ್ತದೆ, ಉಳಿದದ್ದನ್ನು ಇಲಿ ತಿನ್ನುತ್ತದೆ. ತೆಳು ಅಲ್ಯೂಮಿನಿಯಂ ತಗಡನ್ನು ಬೆರಳಗಲ ಕತ್ತರಿಸಿ, ಅಂಕಿ ಪಂಚ್‌ನಲ್ಲಿ ನಂಬರ್ ಹೊಡೆದು, ಬೈಂಡಿಂಗ್ ವೈರ್‌ನಲ್ಲಿ ಕಟ್ಟಿದರೆ ಅದು ಡೀಸೆಲ್‌ನಲ್ಲಿ ತೊಳೆದರೂ ನಿಲ್ಲುತ್ತದೆ. ಆ ನಂಬರಿನ ಎದುರು ಪುಸ್ತಕದಲ್ಲಿ ಗಾಡಿ, ಬದಿ, ಪಕ್ಕದಲ್ಲಿ ಎಷ್ಟು ಶಿಮ್ (ಸಂದು ತುಂಬುವ ತೆಳು ತಗಡು) ಇತ್ತು, ಶಿಮ್ಮಿನ ದಪ್ಪ ಎಷ್ಟು, ಇಷ್ಟು ಬರೆಯುತ್ತೇನೆ. ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿಯುವುದಿಲ್ಲ. ಬಿಚ್ಚಿದ ತೂತಿಗೇ ಕೈಯಲ್ಲಿ ಎರಡು ಸುತ್ತು ಹಾಕಿ ಬಿಡುತ್ತೇನೆ.

ಅತಿ ಹೆಚ್ಚು ಹಾಳಾಗುವುದು ಥ್ರೆಡ್ಡಿನಲ್ಲಿ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫಿಯೆಟ್ 1100, ಅಂದರೆ ಮುಂದೆ ಪದ್ಮಿನಿಯಾದ ಗಾಡಿ, ಮಿಲಿಮೀಟರ್ ಲೆಕ್ಕದ್ದು. ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್, ಅದರಲ್ಲಿ ಬಹುಪಾಲು ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಹಲ್ಲಿನ ಥ್ರೆಡ್. 5/16 ಯುಎನ್‌ಎಫ್ ಬೋಲ್ಟಿನ ವ್ಯಾಸ 7.94 ಮಿ.ಮೀ., ಇಂಚಿಗೆ 24 ಹಲ್ಲು, ಅಂದರೆ ಹಲ್ಲಿನಿಂದ ಹಲ್ಲಿಗೆ ದೂರ (ಪಿಚ್) 1.058 ಮಿ.ಮೀ. ಇದಕ್ಕೆ 8 ಮಿ.ಮೀ. ವ್ಯಾಸದ, 1 ಮಿ.ಮೀ. ಪಿಚ್ಚಿನ ನಟ್ ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ. ತುಕ್ಕಿರಬೇಕು ಎಂದುಕೊಂಡು ಪಾನ (ಸ್ಪ್ಯಾನರ್) ಹಾಕಿ ತಿರುಗಿಸಿದರೆ ಬೋಲ್ಟೂ ಹೋಯಿತು, ನಟ್ಟೂ ಹೋಯಿತು. ವರ್ನಿಯರ್‌ನಲ್ಲಿ ವ್ಯಾಸ ನೋಡಿದರೆ ಸಾಲದು. ಥ್ರೆಡ್ ಗೇಜಿನ ಎಲೆಯನ್ನು ಹಲ್ಲಿಗೆ ಕೂರಿಸಿ ಬೆಳಕಿಗೆ ಹಿಡಿಯಬೇಕು, ಉದ್ದಕ್ಕೂ ಎಲ್ಲೂ ಬೆಳಕು ತೂರಿ ಬರಬಾರದು. ಗೇಜ್ ಇಲ್ಲದಿದ್ದರೆ ಒಂದು ಇಂಚು ಉದ್ದದಲ್ಲಿ ಎಷ್ಟು ಹಲ್ಲಿದೆ ಎಂದು ಎಣಿಸಿದರೂ ಆಯಿತು. 5/16ರಲ್ಲಿ 24 ಬಂದರೆ ಯುಎನ್‌ಎಫ್, 22 ಬಂದರೆ ಬಿಎಸ್‌ಎಫ್, ಅದಕ್ಕೂ ಹಳೆಯ ಬ್ರಿಟಿಷ್ ಥ್ರೆಡ್.

ಬ್ರೇಕಿನ ಪೈಪಿನಲ್ಲಿ ಇದೇ ತಪ್ಪು ಪ್ರಾಣಕ್ಕೆ ಬರುತ್ತದೆ. ಹಳೇ ಬ್ರಿಟಿಷ್ ಪೈಪ್ ನಟ್ 3/8 ಯುಎನ್‌ಎಫ್, 9.5 ಮಿ.ಮೀ. ಈಗಿನದು 10 ಮಿ.ಮೀ., ಪಿಚ್ 1. ಹಳೇ ನಟ್ಟು ಹೊಸ ಸಿಲಿಂಡರಿನ ತೂತಿಗೆ ಹೋಗುತ್ತದೆ, ಸ್ವಲ್ಪ ಬಿಗಿಯೂ ಆಗುತ್ತದೆ, ಪೆಡಲ್ ಜೋರಾಗಿ ಒತ್ತಿದ ದಿನ ಕಿತ್ತು ಬರುತ್ತದೆ. ಕೈಯಲ್ಲಿ ಹಾಕಿದಾಗ ಅಲುಗಾಡುವ ಬ್ರೇಕ್ ನಟ್ಟನ್ನು ನಾನು ಯಾವತ್ತೂ ಬಿಗಿಸುವುದಿಲ್ಲ.

ಪಾನ ಯಾವುದು ಕೂರುತ್ತದೆ ಎನ್ನುವುದೂ ಒಂದು ಸುಳಿವು. 5/16 ಯುಎನ್‌ಎಫ್ ತಲೆ ಅರ್ಧ ಇಂಚು, 12.7 ಮಿ.ಮೀ. 13ರ ಪಾನ ಸುಮಾರಾಗಿ ಕೂರುತ್ತದೆ. 5/16 ಬಿಎಸ್‌ಎಫ್ ತಲೆ 13.3 ಮಿ.ಮೀ., ಅದಕ್ಕೆ 13 ಹೋಗುವುದಿಲ್ಲ, 14 ಹಾಕಿದರೆ ಮೂಲೆ ಸವೆಯುತ್ತದೆ. 1950ಕ್ಕೂ ಹಿಂದಿನ ಕೆಲವು ಮೋರಿಸ್ ಎಂಜಿನ್‌ಗಳಲ್ಲಿ ಥ್ರೆಡ್ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್ ಎಂಬ ಹಳೇ ಬ್ರಿಟಿಷ್ ಅಳತೆಯದು. ತಲೆ ನೋಡಿ ಥ್ರೆಡ್ ಊಹಿಸುವ ಅಭ್ಯಾಸ ಅಲ್ಲಿ ಕೈಕೊಡುತ್ತದೆ.

ಯುಎನ್‌ಎಫ್ ಬೋಲ್ಟು ಕಾರಿನ ಸ್ಪೇರ್ಸ್ ಅಂಗಡಿಯಲ್ಲಿ ಸಿಗದಿದ್ದರೆ ಟ್ರ್ಯಾಕ್ಟರ್ ಅಂಗಡಿಗೆ ಹೋಗಿ. ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನಲ್ಲಿ ಯುಎನ್‌ಎಫ್, ಯುಎನ್‌ಸಿ (ದೊಡ್ಡ ಹಲ್ಲಿನ) ಬೋಲ್ಟುಗಳೇ ತುಂಬಿವೆ, ಶಿರಾ, ಮಧುಗಿರಿ, ಗುಬ್ಬಿ ಕಡೆ ಹುಡುಕಿದರೆ ಅವು ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗುವ ಮುಂಚೆ ನಾನು ಅಲ್ಲಿ ಕೇಳುತ್ತೇನೆ. ತಲೆಯ ಮೇಲಿನ, ಗಟ್ಟಿತನ ಹೇಳುವ ಗೆರೆಗಳನ್ನು ಮಾತ್ರ ನೋಡಿಕೊಳ್ಳಿ: 3 ಗೆರೆ ಇದ್ದರೆ ಗ್ರೇಡ್ 5, 6 ಗೆರೆ ಇದ್ದರೆ ಗ್ರೇಡ್ 8. ಗೆರೆಯೇ ಇಲ್ಲದ್ದನ್ನು ಸಸ್ಪೆನ್ಷನ್ನಿಗೂ ಸ್ಟೀರಿಂಗಿಗೂ ಹಾಕುವುದಿಲ್ಲ.

ಬೇರಿಂಗ್ ಮತ್ತು ಆಯಿಲ್ ಸೀಲು ಸುಲಭ. ಗಾಡಿಯ ಹೆಸರು ಹೇಳಿ ಕೇಳಿದರೆ ಅಂಗಡಿಯವರು ಇಲ್ಲ ಅನ್ನುತ್ತಾರೆ, ನಂಬರ್ ಹೇಳಿದರೆ ತೆಗೆದು ಕೊಡುತ್ತಾರೆ. 6205 ಅಂದರೆ ಯಾವ ಗಾಡಿಯದಾದರೂ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ನಂಬರ್ ಅಳಿಸಿಹೋಗಿದ್ದರೆ ಈ ಮೂರು ಅಳತೆ ಸಾಕು. ಅಳತೆ 25.4, 57.15, 15.88 ಎಂದು ಬಂದರೆ ಅದು ಇಂಚಿನ ಬೇರಿಂಗ್, ಆರ್‌ಎಲ್‌ಎಸ್8 ಎಂದು ಕೇಳಬೇಕು. ಅದರ ಜಾಗಕ್ಕೆ 25ರದ್ದನ್ನು ತುರುಕಿ ಒಳಗೆ ತಗಡು ಸುತ್ತಿಸುವವರಿದ್ದಾರೆ. ತಗಡು ಒಂದು ಬೇಸಿಗೆಯಲ್ಲಿ ಹರಿದು ಶಾಫ್ಟನ್ನೇ ತಿನ್ನುತ್ತದೆ.

ಪಿಸ್ಟನ್ ಕೊಳ್ಳುವಾಗ ನೆತ್ತಿಯ ಮೇಲೆ, ಮೇನ್ ಬೇರಿಂಗ್ ಕೊಳ್ಳುವಾಗ ಬೆನ್ನಿನ ಮೇಲೆ ಹೊಡೆದ ಅಂಕಿ ಓದಿ. 020 ಅಂದರೆ ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ 20 ಭಾಗ ವ್ಯತ್ಯಾಸ. ಅಂಬಾಸಿಡರ್ ಬೋರು (ಸಿಲಿಂಡರಿನ ಒಳವ್ಯಾಸ) ಹೊಸದಿದ್ದಾಗ 73.025 ಮಿ.ಮೀ., 020 ಪಿಸ್ಟನ್‌ಗೆ ಬೋರು 73.533 ಆಗಬೇಕು. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರಿಂಗ್ ಮಾಡಿಸಿ. ಮೊದಲೇ ಬೋರ್ ಮಾಡಿಸಿಟ್ಟುಕೊಂಡು ಆ ಅಳತೆಯ ಪಿಸ್ಟನ್ ಹುಡುಕುತ್ತಾ ಕೂತರೆ ಎಂಜಿನ್ ಬ್ಲಾಕ್ ತುಕ್ಕು ಹಿಡಿಯುತ್ತದೆ.

ಲ್ಯೂಕಾಸ್ ಕಂಪನಿಯ ಕರೆಂಟ್ ಪಾರ್ಟುಗಳಷ್ಟು ಚೆನ್ನಾಗಿ ತಮ್ಮ ಗುರುತು ಹೇಳಿಕೊಳ್ಳುವವು ಬೇರೆ ಇಲ್ಲ. ಗುಜರಿಯಲ್ಲಿ ಒಂದು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಸಿಕ್ಕರೆ ಮೊದಲು ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ. ಡಿಎಂ2 ಅಥವಾ 25ಡಿ4 ಎಂಬುದು ಮಾದರಿ, ಐದು ಅಂಕಿಯದು ಪಾರ್ಟ್ ನಂಬರ್, ಪಕ್ಕದಲ್ಲಿ 4 65 ಎಂದಿದ್ದರೆ 1965ರಲ್ಲಿ ತಯಾರಾದದ್ದು. ನಿಮ್ಮ ಗಾಡಿ 1962ರದ್ದಾದರೆ ಅದು ಮೂಲದ್ದಲ್ಲ, ಕೆಲಸಕ್ಕೆ ಬರಬಹುದು ಅಷ್ಟೆ. ಇನ್ನು ವ್ಯಾಕ್ಯೂಮ್ ಡಬ್ಬಿಯ ಮೇಲೆ ಚಿಕ್ಕದಾಗಿ 5-17-8 ಅಂತ ಮೂರು ಅಂಕಿ ಇರುತ್ತವೆ. ಪಾದರಸದ 5 ಇಂಚು ಎಳೆತಕ್ಕೆ ಕಿಡಿಯ ಟೈಮಿಂಗ್ ಮುಂದೆ ಸರಿಯಲು ಶುರುವಾಗಿ, 17 ಇಂಚಿಗೆ ಪೂರ್ತಿಯಾಗಿ, ಒಟ್ಟು 8 ಡಿಗ್ರಿ ಸರಿಯುತ್ತದೆ ಎಂದು ಅರ್ಥ. ಮೈ ಒಂದೇ ಥರ ಕಂಡರೂ ಈ ಅಂಕಿ ಬೇರೆಯಿದ್ದರೆ ಗಾಡಿ ಏರಿನಲ್ಲಿ ಟಕಟಕ ಅನ್ನುತ್ತದೆ ಅಥವಾ ಎಳೆಯುವುದೇ ಇಲ್ಲ. ಎರಕದಲ್ಲೇ ಉಬ್ಬಿ ಬಂದ ನಂಬರನ್ನು ಪಾರ್ಟ್ ನಂಬರ್ ಎಂದು ತಿಳಿಯಬೇಡಿ. ಒಂದೇ ಎರಕವನ್ನು ಬೇರೆ ಬೇರೆ ಥರ ಕಡೆದು ಬೇರೆ ಗಾಡಿಗಳಿಗೆ ಹಾಕಿರುತ್ತಾರೆ. ನಂಬಬೇಕಾದದ್ದು ಪಂಚ್ ಮಾಡಿದ ನಂಬರ್.

ಡಿಸ್ಟ್ರಿಬ್ಯೂಟರಿನ ಹಳೇ ರೋಟರನ್ನೂ ಕಂಡೆನ್ಸರನ್ನೂ ಎಸೆಯಬೇಡಿ. ಈಗ ಬರುವ ರಿವೆಟ್ ಹೊಡೆದ ರೋಟರ್‌ಗಳಲ್ಲಿ ಕಿಡಿ ರಿವೆಟ್ಟಿನ ಮೂಲಕ ಶಾಫ್ಟಿಗೆ ಇಳಿದು ಗಾಡಿ ನಿಲ್ಲುತ್ತದೆ. ಮುಚ್ಚಳ ತೆಗೆದು, ಕಾಯಿಲ್ ವೈರನ್ನು ರೋಟರಿನ ನೆತ್ತಿಯಿಂದ 5 ಮಿ.ಮೀ. ದೂರ ಹಿಡಿದು ಎಂಜಿನ್ ತಿರುಗಿಸಿ ನೋಡಿ. ಕಿಡಿ ಹಾರಿದರೆ ರೋಟರ್ ಸೋರುತ್ತಿದೆ. ಕಂಡೆನ್ಸರ್ ಮೀಟರಿನಲ್ಲಿ 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಬೇಕು.

ಹೆರಾಲ್ಡ್‌ಗೆ ಒಂದೇ ಮಾತು: ಮುಂದಿನ ಚಕ್ರದ ಕೆಳಗಿನ ಕಂಚಿನ ಟ್ರನಿಯನ್, ಅಂದರೆ ಚಕ್ರ ಹೊರುವ ಕಂಬ ತಿರುಗುವ ತುಂಡು. ಎಡದ್ದು ಎಡ ಥ್ರೆಡ್ಡು, ಬಲದ್ದು ಬಲ ಥ್ರೆಡ್ಡು. ಅದಕ್ಕೆ ಗ್ರೀಸ್ ಅಲ್ಲ, 90ರ ಗೇರ್ ಆಯಿಲ್ ಹಾಕಬೇಕು. ಗ್ರೀಸ್ ತುಂಬಿದ ಗಾಡಿಗಳಲ್ಲಿ ಒಳಗಿನ ಉಕ್ಕಿನ ಕಂಬ ಕಣ್ಣಿಗೆ ಕಾಣದಂತೆ ತುಕ್ಕು ಹಿಡಿದು ತಿರುವಿನಲ್ಲಿ ಮುರಿಯುತ್ತದೆ. ಗುಜರಿಯಲ್ಲಿ ಈ ಜೋಡಿ ಕಂಡರೆ ಬಿಚ್ಚಿ ಥ್ರೆಡ್ ನೋಡದೆ ಕೊಳ್ಳಬೇಡಿ.

ಬ್ರೇಕಿನ ವೀಲ್ ಸಿಲಿಂಡರ್ ಸಿಗದಿದ್ದಾಗ ಹಳೆಯದಕ್ಕೆ ಹಿತ್ತಾಳೆ ಸ್ಲೀವ್ (ಒಳ ಕೊಳವೆ) ಹಾಕಿಸುತ್ತೇನೆ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ತುಮಕೂರು, ಕೂದಲೆಳೆಯಷ್ಟು ಅಳತೆ ಹಿಡಿಯುವ ಟರ್ನರ್‌ಗಳು ಇಲ್ಲಿ ಸಿಗುತ್ತಾರೆ. 7/8 ಇಂಚಿನ ಸಿಲಿಂಡರ್ ಅಂದರೆ 22.225 ಮಿ.ಮೀ. ಅದನ್ನು ಸುಮಾರು 25 ಮಿ.ಮೀ.ವರೆಗೆ ಕಡೆದು, ಅದಕ್ಕಿಂತ 0.03 ಮಿ.ಮೀ. ಹೆಚ್ಚು ಹೊರವ್ಯಾಸದ ಸ್ಲೀವ್ ಒತ್ತಿ ಕೂರಿಸಿ, ಆಮೇಲೆ ಒಳಗನ್ನು 22.22ರಿಂದ 22.26ರೊಳಗೆ ಹೋನ್ (ನುಣುಪಾಗಿ ಉಜ್ಜುವುದು) ಮಾಡಿಸಬೇಕು. ಒಳಗಿನ ರಬ್ಬರ್ ಕಪ್ ವಾಷರ್ ಮೇಲೆಯೇ 7/8 ಎಂದು ಉಬ್ಬಿದ ಅಕ್ಷರ ಇರುತ್ತದೆ, 22 ಮಿ.ಮೀ. ಕಪ್ ಇದರಲ್ಲಿ ಸೋರುತ್ತದೆ. ಎಲ್ಲರೂ ಮರೆಯುವುದು ಕೊನೆಯ ಕೆಲಸ: ಎಣ್ಣೆ ಬರುವ ತೂತು ಮತ್ತು ಏರ್ ತೆಗೆಯುವ ತೂತನ್ನು ಸ್ಲೀವಿನ ಮೂಲಕ ಕೊರೆದು, ಒಳಗಿನ ಅಂಚಿನ ಮುಳ್ಳನ್ನು ಸಣ್ಣ ಎಮೆರಿ ಹಾಳೆಯಲ್ಲಿ ಉಜ್ಜಿ ತೆಗೆಯುವುದು. ಬೆರಳಿಗೆ ತಾಕುವ ಮುಳ್ಳು ಕಪ್ಪಿನ ತುಟಿಯನ್ನು ಕತ್ತರಿಸುತ್ತದೆ. ರಬ್ಬರನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯಬೇಡಿ, ಉಬ್ಬುತ್ತದೆ. ಬ್ರೇಕ್ ಆಯಿಲ್ಲೇ ಸಾಕು.

ತುಕ್ಕಿಗೆ ನಾನು ಹೆಚ್ಚು ನೆಚ್ಚುವುದು ಕಾಕಂಬಿಯನ್ನು. 20 ಲೀಟರ್ ಬಕೆಟಿಗೆ 2 ಲೀಟರ್ ಕಾಕಂಬಿ, ಉಳಿದದ್ದು ನೀರು. ಪಾರ್ಟು ಪೂರ್ತಿ ಮುಳುಗಬೇಕು. ಒಂದರಿಂದ ಮೂರು ವಾರ ಬಿಟ್ಟರೆ ತುಕ್ಕು ಬಿಟ್ಟುಕೊಂಡು, ಒಳ್ಳೆಯ ಕಬ್ಬಿಣ ಹಾಗೇ ಉಳಿಯುತ್ತದೆ. ವಾಸನೆ ಬರುತ್ತದೆ, ಹಿತ್ತಲಲ್ಲಿ ಇಡಿ. ತೆಗೆದ ತಕ್ಷಣ ತೊಳೆದು, ಬಿಸಿಲಿಗೆ ಒಣಗಿಸಿ ಎಣ್ಣೆ ಹಚ್ಚದಿದ್ದರೆ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ಬೇಗ ಬೇಕಾದರೆ 10 ಲೀಟರ್ ನೀರಿಗೆ 100 ಗ್ರಾಂ ಬಟ್ಟೆ ಸೋಡಾ ಹಾಕಿ ಬ್ಯಾಟರಿ ಚಾರ್ಜರ್ ಕೊಡಿ. ಪಾರ್ಟಿಗೆ ನೆಗೆಟಿವ್, ಒಂದು ಹಳೇ ಕಬ್ಬಿಣದ ತಗಡಿಗೆ ಪಾಸಿಟಿವ್. ಸ್ಟೀಲ್ ಪಾತ್ರೆ, ಸ್ಟೀಲ್ ಚಮಚ ಪಾಸಿಟಿವ್‌ಗೆ ಬೇಡವೇ ಬೇಡ, ನೀರಿನಲ್ಲಿ ವಿಷದ ಕ್ರೋಮಿಯಂ ಸೇರುತ್ತದೆ. ಗಾಳಿ ಆಡುವ ಕಡೆ ಮಾಡಿ, ಹೊರಡುವುದು ಹೈಡ್ರೋಜನ್. ಸ್ಪ್ರಿಂಗುಗಳನ್ನು ಆಸಿಡ್ಡಿಗೂ ಇದಕ್ಕೂ ಹಾಕುವುದಿಲ್ಲ, ಹೈಡ್ರೋಜನ್ ಹೀರಿಕೊಂಡು ಪಟ್ಟನೆ ಮುರಿಯುತ್ತವೆ.

ಅಲ್ಯೂಮಿನಿಯಂ ಮತ್ತು ಸತು ಎರಕಕ್ಕೆ ಈ ಎರಡೂ ಆಗದು. ಬಾಗಿಲ ಹಿಡಿ, ಪೆಟ್ರೋಲ್ ಪಂಪಿನ ಮೈ, ಕಾರ್ಬೊರೇಟರ್ ಮೈ ಸತುವಿನದಾಗಿದ್ದರೆ ಕರಗಿಯೇ ಹೋಗುತ್ತವೆ. ಸತು ಎರಕ 390 ಡಿಗ್ರಿಯೊಳಗೇ ನೀರಾಗುತ್ತದೆ, ಗ್ಯಾಸ್ ಜ್ವಾಲೆ ಹಿಡಿಯಬೇಡಿ. ಹಿತ್ತಾಳೆಗೆ ನಮ್ಮೂರ ಮಾರ್ಕೆಟ್ಟಿನ ಹುಣಸೆಹಣ್ಣೇ ಸಾಕು: ರೇಡಿಯೇಟರ್ ಮುಚ್ಚಳ, ಕಾರ್ಬೊರೇಟರ್ ಜೆಟ್ ಹತ್ತು ನಿಮಿಷ ನೆನೆಸಿ ತೊಳೆಯಿರಿ. ಜೆಟ್ಟಿನ ತೂತಿಗೆ ತಂತಿ ಹಾಕಬೇಡಿ, ಗಾಳಿ ಊದಿ.

ಡಬ್ಬಿ ಒಡೆಯದ ಹಳೇ ಸ್ಟಾಕ್ ಸಿಕ್ಕರೆ ಲೋಹದ್ದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು, ರಬ್ಬರನ್ನಲ್ಲ. ಮಡಚಿ ನೋಡಿ, ಮಡಿಕೆಯಲ್ಲಿ ಬಿಳಿ ಬಿರುಕು ಕಂಡರೆ ಬಿಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇರುವುದರಿಂದ ಹಳೇ ಡಯಾಫ್ರಾಮ್, ಹೋಸು, ಕಾರ್ಕ್ ಫ್ಲೋಟು ಬೇಗ ಹೋಗುತ್ತವೆ. ಎಥೆನಾಲ್ ತಡೆಯುವ ವೈಟಾನ್ ರಬ್ಬರ್ ಕೇಳಿ ಹಾಕಿಸುತ್ತೇನೆ. ಬಾಗಿಲ ಬೀಡಿಂಗ್ ಮಾಡಿಸಬೇಕಾದರೆ ಹಳೆಯದರ ಒಂದು ಇಂಚು ನೇರ ಕತ್ತರಿಸಿ, ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಮುದ್ರೆ ಹಾಕಿ. ಪೀಣ್ಯದ ರಬ್ಬರ್ ಮಾಡುವವರಿಗೆ ಆ ಮುದ್ರೆಯೂ ತುಂಡೂ ಎರಡೂ ಬೇಕು.

ಗಾಡಿಯ ಮೂಲ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದ್ದರೂ ಮಾರಬೇಡಿ, ಅದರ ನಂಬರಿನ ಮೇಲೆ ಫೈಲ್ ಓಡಿಸಲು ಬಿಡಬೇಡಿ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ, ಹೊಸದಕ್ಕೆ ಶುಲ್ಕ 20,000 ರೂಪಾಯಿ. ಷಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿದ್ದರೆ ಸಿಗುವುದಿಲ್ಲ. ಇನ್ನೊಂದೆಡೆ 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣ ನಿಂತಿದೆ, ಅವು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಗಳಿಗೆ ಹೋಗಬೇಕು. ಇಲಾಖೆಗಳ ಹರಾಜಿನಲ್ಲಿ ಇಡೀ ಅಂಬಾಸಿಡರ್ ಕೊಂಡು ಪಾರ್ಟು ಬಿಚ್ಚಿಕೊಳ್ಳುವ ಕಾಲ ಮುಗಿಯುತ್ತಿದೆ. ಆದ್ದರಿಂದ ಊರ ಗುಜರಿಯಲ್ಲಿ ಒಂದು ಗೇರ್‌ಬಾಕ್ಸ್ ಕಂಡರೂ ಈಗಲೇ ತಂದಿಟ್ಟುಕೊಳ್ಳಿ.

ತಂದದ್ದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಬೇಡಿ, ಕಾಗದ ತೇವ ಹಿಡಿದು ಕಡೆದ ಮೈಮೇಲೆ ಅಕ್ಷರದಂತೆಯೇ ತುಕ್ಕು ಮೂಡುತ್ತದೆ. ಗ್ರೀಸ್ ಹಚ್ಚಿ ಮೇಣದ ಕಾಗದ ಸುತ್ತಿ. ಕ್ರ್ಯಾಂಕನ್ನು ಮಲಗಿಸದೆ ನಿಲ್ಲಿಸಿ, ಗ್ಯಾಸ್ಕೆಟ್ಟನ್ನು ಮಡಚದೆ ಹಲಗೆಗಳ ನಡುವೆ ಇಡಿ, ರಬ್ಬರನ್ನು ಮೋಟಾರಿನಿಂದ ದೂರ ಕತ್ತಲಲ್ಲಿಡಿ. ಮೇ ಕೊನೆಯ ವಾರ, ಮುಂಗಾರು ಹಿಡಿಯುವ ಮುಂಚೆ, ನಾನು ಎಲ್ಲ ಡಬ್ಬಿ ಬಿಚ್ಚಿ, ಒಣಗಿದ ಗ್ರೀಸ್ ಒರೆಸಿ ಹೊಸದು ಹಚ್ಚಿ, ತಗಡಿನ ನಂಬರನ್ನು ಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ನೋಡಿ ಮತ್ತೆ ಕಟ್ಟುತ್ತೇನೆ.