ಅತ್ತೆಯ ಊಟದ ಹೊತ್ತು ನೋಡಿ ಕಟ್ಟಿದ ದಿನ

ನಮ್ಮ ಅತ್ತೆಗೆ 72 ವರ್ಷ. ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾಗಿ 14 ವರ್ಷ ಆಯ್ತು. ಬೆಳಗ್ಗೆ ಎಂಟಕ್ಕೆ ಮಾತ್ರೆ, ಅದರ ಹಿಂದೆಯೇ ತಿಂಡಿ, ಹನ್ನೆರಡೂವರೆಯ ಒಳಗೆ ಊಟ, ನಾಲ್ಕಕ್ಕೆ ಏನಾದರೂ ಸ್ವಲ್ಪ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಈ ಲೆಕ್ಕ ತಪ್ಪುವುದಿಲ್ಲ. ಹೊರಗೆ ಹೋದ ದಿನ ಅದು ಎಷ್ಟು ಸುಲಭದಲ್ಲಿ ತಪ್ಪುತ್ತದೆ ಎಂದು ನನಗೆ ಗೊತ್ತಾದದ್ದು ಮೂರು ವರ್ಷ ಹಿಂದೆ, ದೂರದ ಒಂದು ಥೀಮ್ ಪಾರ್ಕಿನಲ್ಲಿ.

ಅವತ್ತು ಎಲ್ಲರೂ ಒಂದೊಂದು ಆಟದ ಸಾಲಿನಲ್ಲಿ ನಿಂತಿದ್ದೆವು. ಅತ್ತೆ ಮಾತ್ರ ಒಂದು ಬೆಂಚಿನಲ್ಲಿ, ಸುತ್ತ ಏಳೆಂಟು ಬ್ಯಾಗು, ಚಪ್ಪಲಿಗಳ ರಾಶಿ. ‘ನಾನು ನೋಡಿಕೊಳ್ತೇನೆ, ನೀವು ಹೋಗಿ’ ಎಂದು ಅವರೇ ಹೇಳಿದ್ದು. ನಾವು ಊಟದ ಕೌಂಟರಿಗೆ ಬರುವಾಗ ಎರಡು ಗಂಟೆ ದಾಟಿತ್ತು, ಅಲ್ಲಿಯೂ ಉದ್ದದ ಸಾಲು. ನಾನು ಅತ್ತೆಯ ಹತ್ತಿರ ಹೋದಾಗ ಅವರ ಮೇಲ್ದುಟಿಯಲ್ಲಿ ಬೆವರಿನ ಹನಿ ಸಾಲಾಗಿ ನಿಂತಿತ್ತು. ಬಲಗೈ ಬೆಂಚಿನ ಅಂಚನ್ನು ಹುಡುಕುತ್ತಿತ್ತು, ಹಿಡಿತ ಸಿಗುತ್ತಿರಲಿಲ್ಲ. ‘ಕಣ್ಣು ಕತ್ತಲೆ ಬಂದ ಹಾಗೆ ಆಗ್ತದೆ ಮಗಾ’ ಅಂದರು. ಮಕ್ಕಳ ಬ್ಯಾಗಿನಲ್ಲಿದ್ದ ಮಾವಿನ ಜ್ಯೂಸಿನ ಪ್ಯಾಕೆಟನ್ನು ಒಡೆದು ಕುಡಿಸಿದೆ. ಕಾಲು ಗಂಟೆಯಲ್ಲಿ ಸುಧಾರಿಸಿದರು. ಆ ಕಾಲು ಗಂಟೆಯನ್ನು ನಾನು ಮರೆತಿಲ್ಲ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಅತ್ತೆ ತೆಗೆದುಕೊಳ್ಳುವ ಜಾತಿಯ ಮಾತ್ರೆ ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಊಟ ತಡವಾದರೆ ರಕ್ತದ ಸಕ್ಕರೆ ಕೆಳಗೆ ಬೀಳುತ್ತದೆ, ಬಿಸಿಲಿನಲ್ಲಿ ನಡೆದದ್ದೂ ಅದಕ್ಕೆ ಸೇರುತ್ತದೆ. ಬೆವರು, ಕೈ ನಡುಕ, ತಲೆ ಗೊಂದಲ ಕಂಡರೆ ಮೊದಲು ಮೂರು ಟೀ ಚಮಚದಷ್ಟು ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ನೋಡಿ, ಸರಿಯಾಗದಿದ್ದರೆ ಮತ್ತೊಮ್ಮೆ. ಸರಿಯಾದ ಮೇಲೆ ಊಟ.

ಮುಂದಿನ ಸಲ ಮಕ್ಕಳು ಪಾರ್ಕಿನ ಮಾತು ತೆಗೆದಾಗ ಅತ್ತೆ ‘ನನ್ನನ್ನು ಬಿಟ್ಟು ಹೋಗಿ’ ಅಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗಿ ಬ್ಯಾಗು ಕಾಯಲು ಕೂರಿಸುವುದೂ ತಪ್ಪು, ಮನೆಯಲ್ಲಿ ಬಿಟ್ಟು ಹೋಗುವುದೂ ತಪ್ಪು. ಹಾಗಾಗಿ ಈ ಸಲ ಆಟದ ಪಟ್ಟಿ ಮಾಡುವ ಮೊದಲು ಒಂದು ಹಾಳೆಯಲ್ಲಿ ಅತ್ತೆಯ ನಾಲ್ಕು ಹೊತ್ತುಗಳನ್ನು ಬರೆದೆ. ಉಳಿದದ್ದನ್ನೆಲ್ಲ ಅದರ ನಡುವೆ ಪೋಣಿಸಿದೆ.

ದಿನ ಗೊತ್ತುಮಾಡುವುದೇ ದೊಡ್ಡ ಕೆಲಸ. ನಮ್ಮ ಮಕ್ಕಳು ಇಲ್ಲಿ ಕೇರಳದ ಕನ್ನಡ ಮಾಧ್ಯಮದ ಶಾಲೆಗೆ ಹೋಗುವವರು, ನಾದಿನಿಯ ಮಕ್ಕಳು ಕರ್ನಾಟಕದ ಪುತ್ತೂರಿನಲ್ಲಿ. ಇವರಿಗೆ ಓಣಂ ರಜೆ ಬಂದಾಗ ಅವರಿಗೆ ಶಾಲೆ, ಅವರಿಗೆ ದಸರಾ ರಜೆ ಬಂದಾಗ ಇವರಿಗೆ ಎರಡು ಮೂರು ದಿನ ಬಿಟ್ಟರೆ ಇಲ್ಲ. ಗಡಿಯಲ್ಲಿರುವ ಎಲ್ಲ ಕುಟುಂಬಗಳಿಗೂ ಇದೇ ಪಾಡು. ಎರಡೂ ಕಡೆಯ ರಜೆ ಕೂಡುವುದು ಏಪ್ರಿಲ್ ಹತ್ತರ ನಂತರ. ಬಿಸು ಹಬ್ಬ ಕಳೆದ ಮೇಲಿನ ಒಂದು ಬುಧವಾರವನ್ನು ಹಿಡಿದೆವು. ಶನಿವಾರ, ಭಾನುವಾರ ಬೇಡವೇ ಬೇಡ ಎಂದು ಹಟ ಹಿಡಿದದ್ದು ನಾನು.

ಸ್ಥಳ ವಿಸ್ಮಯ ಪಾರ್ಕು. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನಲ್ಲಿ 2008ರಲ್ಲಿ ಶುರುವಾದದ್ದು, ನಡೆಸುವುದು ಒಂದು ಸಹಕಾರ ಸಂಘ. ದೂರದ ದೊಡ್ಡ ಪಾರ್ಕುಗಳಿಗಿಂತ ಇದನ್ನು ಆರಿಸಿದ್ದಕ್ಕೆ ಕಾರಣ ಒಂದೇ: ಹೋಗಿ ರಾತ್ರಿಯೊಳಗೆ ಮನೆಗೆ ಬರಬಹುದು, ಅತ್ತೆ ತಮ್ಮ ಹಾಸಿಗೆಯಲ್ಲೇ ಮಲಗಬಹುದು.

ಹಿಂದಿನ ಸಂಜೆ ಅತ್ತೆ ಒಲೆಯ ಮುಂದೆ ಕೂತು ಬಾಳೆಲೆ ಬಾಡಿಸಿದರು. ಎಲೆಯನ್ನು ಬೆಂಕಿಯ ಮೇಲೆ ಅಡ್ಡ ಹಿಡಿದು ನಿಧಾನ ಎಳೆಯುತ್ತಾರೆ. ತಿಳಿಹಸುರು ಮೆಲ್ಲ ಕಪ್ಪುಹಸುರಾಗಿ ಎಣ್ಣೆ ಸವರಿದ ಹಾಗೆ ಹೊಳೆಯತೊಡಗಿದಾಗ ತಿರುಗಿಸಬೇಕು. ಒಂದು ಕ್ಷಣ ಹೆಚ್ಚಾದರೆ ಸೀಳುತ್ತದೆ, ಕಡಿಮೆಯಾದರೆ ಮಡಚುವಾಗ ಮುರಿಯುತ್ತದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಅದರಲ್ಲಿ ಅಕ್ಕಿ, ಉದ್ದಿನ ಹಿಟ್ಟು ಹೊಯ್ದು ಮಡಚಿ ಕೊಟ್ಟಿಗೆ ಎಂಬ ಎಲೆಕಡುಬು ಬೇಯಿಸಿದೆವು. ಎಲೆ ಬಿಚ್ಚದೆ ಇಟ್ಟರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಕಾಯಿ ಚಟ್ನಿ ಏಪ್ರಿಲ್ ಸೆಕೆಗೆ ತಡೆಯುವುದಿಲ್ಲ, ಆದ್ದರಿಂದ ಚಟ್ನಿಪುಡಿ, ಒಂದು ಸಣ್ಣ ಬಾಟ್ಲಿ ತೆಂಗಿನೆಣ್ಣೆ. ಅತ್ತೆಗೆ ಎರಡೇ ಕೊಟ್ಟಿಗೆ, ಜೊತೆಗೆ ಹೆಸರುಕಾಳಿನ ಉಸ್ಲಿ ಹೆಚ್ಚು. ಬರೀ ಅಕ್ಕಿ ತಿಂದರೆ ಸಕ್ಕರೆ ಬೇಗ ಏರಿ ಬೇಗ ಇಳಿಯುತ್ತದೆ, ಕಾಳು ಸೇರಿದರೆ ಅದು ನಿಧಾನ.

ಇನ್ನೊಂದು ಕೆಲಸವನ್ನು ಮನೆಯಲ್ಲೇ ಮುಗಿಸಿದೆವು. ದೊಡ್ಡ ಆಟಗಳಿಗೆ ಎತ್ತರದ ಗೆರೆ ಇರುತ್ತದೆ, 120 ಸೆಂಟಿಮೀಟರ್, 140 ಸೆಂಟಿಮೀಟರ್ ಎಂದೆಲ್ಲ, ಪಾರ್ಕಿಗೊಂದು, ಆಟಕ್ಕೊಂದು. ಮಕ್ಕಳನ್ನು ಬಾಗಿಲ ದಾರಂದಕ್ಕೆ ಒರಗಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ನಾದಿನಿಯ ಒಂಬತ್ತು ವರ್ಷದವನು 118. ‘ಮಾಮಿ, ಎರಡೇ ಅಲ್ವಾ, ಶೂ ಹಾಕಿದ್ರೆ ಆಗ್ತದಲ್ಲ?’ ಎಂದು ಕೇಳಿದ. ಆ ಗೆರೆ ಇರುವುದು ಅಡ್ಡಪಟ್ಟಿ ನಿನ್ನ ಸೊಂಟದ ಮೇಲೆ ಸರಿಯಾಗಿ ಕೂರಲಿ ಅಂತ, ಸಣ್ಣ ಮೈ ಅದರ ಅಡಿಯಿಂದ ಜಾರುತ್ತದೆ ಎಂದು ಅವನ ಸೊಂಟ ಹಿಡಿದು ತೋರಿಸಿದೆ. ಅಳು ಬಂತು, ಆದರೆ ಚಾವಡಿಯಲ್ಲಿ ಬಂದು ಅಲ್ಲೇ ಮುಗಿಯಿತು. ಎರಡು ಗಂಟೆ ಸಾಲಿನಲ್ಲಿ ನಿಂತ ಮೇಲೆ ಬರುವ ಅಳುವನ್ನು ಯಾರಿಂದಲೂ ಸಮಾಧಾನ ಮಾಡಲಿಕ್ಕೆ ಆಗುವುದಿಲ್ಲ.

ಆರೂಕಾಲಕ್ಕೆ ಟೆಂಪೋ ಟ್ರಾವೆಲರ್ ಹೊರಟಿತು. ನಾವು ಹನ್ನೆರಡು ಜನ, ಡ್ರೈವರಣ್ಣ ಹದಿಮೂರನೆಯವರು. ಊಟದ ಲೆಕ್ಕದಲ್ಲಿ ಅವರನ್ನು ಸೇರಿಸಿಯೇ ಎಣಿಸಿದ್ದು. ಹೆದ್ದಾರಿ ಕೆಲಸದ ಧೂಳು ಬೇಡವೆಂದು ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಸಂಕ ದಾಟಿ ಬೇಕಲದ ದಾರಿ ಹಿಡಿದೆವು. ವಾಂತಿಯಾಗುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲು ಕೊಡದೆ, ದೂರದ ರಸ್ತೆ ನೋಡಿ ಅಂದೆ. ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲದ ಅಂಗ ಇನ್ನೊಂದು ಹೇಳಿದರೆ ಹೊಟ್ಟೆ ತೊಳೆಸುತ್ತದೆ. ಕಣ್ಣಿಗೆ ದಾರಿ ಕಂಡರೆ ಅರ್ಧ ಗುಣ. ನೀಲೇಶ್ವರ ಕಳೆದು ಕಾರ್ಯಂಗೋಡು ಹೊಳೆ ದಾಟಿದ ಮೇಲೆ, ಎಂಟೂಕಾಲಕ್ಕೆ, ಒಂದು ಮರದ ನೆರಳಿನಲ್ಲಿ ಎಲೆ ಬಿಚ್ಚಿದೆವು. ಅತ್ತೆ ಮಾತ್ರೆ ತೆಗೆದುಕೊಂಡರು, ಉಸ್ಲಿ ತಿಂದರು. ನನ್ನ ಹಾಳೆಯಲ್ಲಿ ಮೊದಲ ಗುರುತು ಬಿತ್ತು.

ಬಹುತೇಕ ಪಾರ್ಕುಗಳಲ್ಲಿ ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ಸಂಜೆಯ ಡಬ್ಬಗಳನ್ನು ಗಾಡಿಯಲ್ಲೇ ಬಿಟ್ಟೆವು. ಅತ್ತೆಯ ಗ್ಲೂಕೋಸ್ ಪುಡಿ, ಮಾತ್ರೆ, ಡಾಕ್ಟರ ಚೀಟಿ ಮಾತ್ರ ಒಂದು ಸಣ್ಣ ಪರ್ಸಿನಲ್ಲಿ, ಅದು ಇಡೀ ದಿನ ನನ್ನ ಹೆಗಲಲ್ಲಿ. ಉಳಿದದ್ದಕ್ಕೆಲ್ಲ ಒಳಗೆ ಹೋದ ಕೂಡಲೇ ಎರಡು ಲಾಕರ್ ತೆಗೆದುಕೊಂಡೆವು. ಆ ದಿನದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಅತ್ತೆಯ ಎರಡೂ ಕೈ ಖಾಲಿ.

ಬೆಳಗ್ಗಿನ ಹೊತ್ತನ್ನು ತಿರುಗುವ, ತೂಗುವ ಆಟಗಳಿಗೆ ಕೊಟ್ಟೆವು. ತಿಂಡಿಯಾಗಿ ಎರಡು ಗಂಟೆ ಆಗಿತ್ತು. ಹೊಟ್ಟೆ ತುಂಬಿರಲಿಲ್ಲ, ಬರಿದೂ ಆಗಿರಲಿಲ್ಲ. ತೂಗುವ ಹಡಗಿನಲ್ಲಿ ಹೆದರುವವರು ನಡುವೆ ಕೂರಬೇಕು, ಎರಡು ತುದಿಗಳು ಹೆಚ್ಚು ಎತ್ತರಕ್ಕೆ ಹೋಗುತ್ತವೆ. ಮೈದುನನ ಹೆಂಡತಿ ನಡುವೆ ಕೂತು ನಗುತ್ತಾ ಇಳಿದಳು, ಭಾವ ತುದಿಯಲ್ಲಿ ಕೂತು ಅರ್ಧ ಗಂಟೆ ಮಾತಾಡಲಿಲ್ಲ. ಅತ್ತೆಗೆ ಜಯಂಟ್ ವೀಲಿನಲ್ಲಿ ಕೂರುವ ಮನಸ್ಸಿತ್ತು. ಕೇಳುವವರೆಗೆ ನಮಗೆ ಗೊತ್ತೇ ಇರಲಿಲ್ಲ. ನಿಧಾನ ತಿರುಗುವ ಆಟ, ಬಿಪಿ ಹಿಡಿತದಲ್ಲಿದೆ, ಡಾಕ್ಟರ ಹತ್ತಿರ ಮೊದಲೇ ಕೇಳಿದ್ದೆ. ನಾನೂ ಅವರೂ ಎದುರು ಬದುರು ಕೂತೆವು. ಮೇಲೆ ಹೋದಾಗ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಸುತ್ತಲಿನ ತೆಂಗಿನ ತಲೆಗಳನ್ನೇ ನೋಡುತ್ತಿದ್ದರು. ‘ಇಲ್ಲಿನ ಮರಗಳಲ್ಲಿ ನಮ್ಮದಕ್ಕಿಂತ ಕಾಯಿ ಹೆಚ್ಚು’ ಅಂದರು.

ಹನ್ನೊಂದೂ ಮುಕ್ಕಾಲಿಗೆ ಊಟ ಎಂದಾಗ ಮಕ್ಕಳು ಒಪ್ಪಲಿಲ್ಲ. ‘ಈಗ್ಲೇ ಎಂತ ಊಟ?’ ನಾನು ಬಿಡಲಿಲ್ಲ. ಊಟದ ಜಾಗದಲ್ಲಿ ನಮ್ಮ ಮುಂದೆ ಇದ್ದವರು ನಾಲ್ಕೇ ಜನ. ಕುಚ್ಚಲಕ್ಕಿ ಅನ್ನ, ಸಾಂಬಾರು, ತೋರನ್ ಎಂಬ ಪಲ್ಯ, ಹಪ್ಪಳ, ಮಜ್ಜಿಗೆ. ಪುತ್ತೂರಿನ ಮಕ್ಕಳು ಲೋಟದ ಬೆಚ್ಚಗಿನ ಗುಲಾಬಿ ಬಣ್ಣದ ನೀರು ನೋಡಿ ಕುಡಿಯಲು ಹಿಂದೆಮುಂದೆ ನೋಡಿದರು. ನನ್ನ ಮಗಳು ಬಡಿಸುವವರ ಹತ್ತಿರ ಮಲಯಾಳದಲ್ಲಿ ಕೇಳಿ ಅವರಿಗೆ ಕನ್ನಡದಲ್ಲಿ ಹೇಳಿದಳು: ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ್ದು. ಅವತ್ತು ಬೋರ್ಡು ಓದಿ ಹೇಳುವುದು, ಮೈಕಿನಲ್ಲಿ ಬಂದದ್ದನ್ನು ಅಜ್ಜಿಗೆ ತಿಳಿಸುವುದು ಎಲ್ಲ ಅವಳದ್ದೇ ಕೆಲಸ. ಮೂರು ಭಾಷೆಯ ನಡುವೆ ಬೆಳೆಯುವ ನಮ್ಮ ಕಡೆಯ ಮಕ್ಕಳ ಬಗ್ಗೆ ನನಗೆ ಹೆಮ್ಮೆಯಾಯಿತು. ನಾವು ಕೈ ತೊಳೆದು ಏಳುವಾಗ ಒಂದು ಗಂಟೆಯಾಗಿರಲಿಲ್ಲ, ಸಾಲು ಬಾಗಿಲು ದಾಟಿತ್ತು.

ಊಟದ ಮೇಲೆ ಒಂದು ಗಂಟೆ ನೆರಳು. ಮೂರು ವರ್ಷದ ಸಣ್ಣದು ಅತ್ತೆಯ ಮಡಿಲಿನಲ್ಲಿ ನಿದ್ದೆ ಮಾಡಿತು. ಎರಡು ಗಂಟೆಯ ಮೇಲೆ ನೀರು.

ನೀರಿನ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಇಲ್ಲಿ ಅಜಾಗ್ರತೆ ಸಲ್ಲ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯಲ್ಲಿ ತಡೆಯುತ್ತದೆ, ಆದ್ದರಿಂದ ನೈಲಾನ್ ಬಟ್ಟೆಯನ್ನೇ ಕೇಳುತ್ತಾರೆ. ಬಾಡಿಗೆಗೆ ಸಿಗುವ ಕಡೆಯೂ ಉಂಟು, ನಾವು ಕಾಸರಗೋಡಿನಲ್ಲೇ ತೆಗೆದುಕೊಂಡಿದ್ದೆವು. ಜಿಪ್ಪು, ಲೋಹದ ಗುಂಡಿ ಇರಬಾರದು. ಕರಿಮಣಿ, ಓಲೆ ಬಿಚ್ಚಿ ಲಾಕರಿನಲ್ಲಿ ಇಡಬೇಕು. ಅಲೆಯ ಕೊಳದಲ್ಲಿ ಅಲೆ ಹುಟ್ಟುವುದು ಆಳದ ತುದಿಯಲ್ಲಿ. ಮಕ್ಕಳ ಜಾಗ ದಡದ ಕಡೆ, ಮೊಣಕಾಲು ಮಟ್ಟ, ಅಷ್ಟೆ. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನಲ್ಲಿರುವಾಗ ಕೂಗಲು ಉಸಿರಿರುವುದಿಲ್ಲ. ಗಲಾಟೆ ಕೇಳಿದರೆ ನೋಡೋಣ ಎಂದು ಕೂತರೆ ಕೆಟ್ಟಿತು. ನಮ್ಮ ನಿಯಮ: ಒಂದು ಮಗುವಿಗೆ ಒಬ್ಬ ದೊಡ್ಡವರು. ಬಿಟ್ಟು ಹೋಗಬೇಕಾದರೆ ಮಗುವಿನ ಕೈಯನ್ನು ಇನ್ನೊಬ್ಬರ ಕೈಯಲ್ಲಿ ಇಟ್ಟು ‘ಈಗ ನಿಮ್ಮ ಹತ್ತಿರ’ ಎಂದು ಬಾಯಿಬಿಟ್ಟು ಹೇಳಬೇಕು.

ಹೀಗಿದ್ದೂ ನನ್ನ ಏಳು ವರ್ಷದ ಮಗ ಕಾಣೆಯಾದ. ನೀರಿನಲ್ಲಿ ಅಲ್ಲ, ಬಟ್ಟೆ ಬದಲಿಸುವ ಕಡೆ. ಗಂಡಸರ ಬದಿಯಿಂದ ಹೊರಟವನು ಭಾವನ ಹಿಂದೆ ಬರುವ ಬದಲು ಅದೇ ಬಣ್ಣದ ಅಂಗಿಯ ಇನ್ನೊಬ್ಬರ ಹಿಂದೆ ಹೋಗಿದ್ದ. ಮಕ್ಕಳ ಮುಂಗೈಯಲ್ಲಿ ಅಳಿಯದ ಮಾರ್ಕರಿನಿಂದ ನನ್ನ ಫೋನ್ ನಂಬರ್ ಬರೆದಿದ್ದೆ. ಆಗ ಹೊಳೆಯಿತು: ಫೋನುಗಳೆಲ್ಲ ಲಾಕರಿನಲ್ಲಿ. ಯಾರು ಕರೆದರೂ ಎತ್ತುವವರಿಲ್ಲ. ಎಂಟು ನಿಮಿಷ. ಅವನು ಸಿಕ್ಕಿದ್ದು ಅಜ್ಜಿಯ ಹತ್ತಿರ. ಬೆಳಗ್ಗೆ ಎಲ್ಲರೂ ಸೇರಿ ‘ದಾರಿ ತಪ್ಪಿದರೆ ಊಟದ ಜಾಗದ ಮೆಟ್ಟಿಲು’ ಎಂದು ಗೊತ್ತುಮಾಡಿದ್ದೆವು, ಅವನಿಗೆ ನೆನಪಿತ್ತು. ಅತ್ತೆ ಆ ಹೊತ್ತಿಗೆ ಅಲ್ಲೇ ಕೂತಿದ್ದರು, ಅವನ ತಲೆಯನ್ನು ಸೆರಗಿನಲ್ಲಿ ಒರಸುತ್ತಿದ್ದರು. ಇನ್ನು ಮೇಲೆ ನೀರಿಗೆ ಇಳಿಯುವಾಗ ಒಬ್ಬ ದೊಡ್ಡವರು ಫೋನ್ ಹಿಡಿದು ದಡದಲ್ಲಿ, ಸರದಿಯ ಮೇಲೆ. ಅತ್ತೆಯಲ್ಲ, ನಮ್ಮಲ್ಲಿ ಒಬ್ಬರು.

ಅಲೆಯ ಕೊಳ ನೋಡಿ ಅತ್ತೆ ಕೇಳಿದ ಪ್ರಶ್ನೆ ನನಗೆ ತುಂಬ ಹಿಡಿಸಿತು. ‘ಈ ಏಪ್ರಿಲಿನಲ್ಲಿ ಇಷ್ಟು ನೀರು ಎಲ್ಲಿಂದ?’ ನಮ್ಮ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗದಲ್ಲಿ ಆ ದಿನಗಳಲ್ಲಿ ನೀರು ಬೆರಳು ದಪ್ಪಕ್ಕೆ ಇಳಿದಿರುತ್ತದೆ, ತೊಟ್ಟಿ ತುಂಬಲು ರಾತ್ರಿಯಿಡೀ ಬೇಕು. ಇಲ್ಲಿ ಮಳೆಗಾಲದ ನೀರನ್ನು ದೊಡ್ಡ ಕೆರೆಯಲ್ಲಿ ಹಿಡಿದಿಟ್ಟು ಬಳಸುತ್ತಾರೆ ಎಂದು ಗಂಡ ಹೇಳಿದರು. ‘ಮಳೆ ನಮ್ಮಲ್ಲೂ ಬರ್ತದಲ್ಲ’ ಎಂದರು ಅತ್ತೆ. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಸುರಿಯುವ ಊರು ನಮ್ಮದು. ಮನೆಗೆ ಬಂದ ವಾರವೇ ಮೇಲಿನ ತೋಟದಲ್ಲಿ ಇಂಗುಗುಂಡಿ ತೆಗೆಸುವ ಮಾತು ಶುರುವಾಯಿತು.

ನಾಲ್ಕಕ್ಕೆ ಎಲ್ಲರನ್ನೂ ನೀರಿನಿಂದ ಎಬ್ಬಿಸಿದೆ. ನೀರಾಡಿದ ಮಕ್ಕಳ ಹಸಿವು ಮಧ್ಯಾಹ್ನದ ಹಸಿವಿನ ಎರಡರಷ್ಟು. ಗಾಡಿಯಲ್ಲಿದ್ದ ನೇಂದ್ರ ಬಾಳೆಹಣ್ಣು, ಚಕ್ಕುಲಿ, ಹಲಸಿನಕಾಯಿ ಚಿಪ್ಸ್ ಹತ್ತು ನಿಮಿಷದಲ್ಲಿ ಖಾಲಿ. ಅತ್ತೆಗೆ ಹುರಿದ ಕಡಲೆ, ಸಕ್ಕರೆ ಹಾಕದ ಚಹಾ.

ಅಲ್ಲಿಂದ ಮುತ್ತಪ್ಪ ದೈವದ ಕ್ಷೇತ್ರ ಹತ್ತಿರವೇ, ವಳಪಟ್ಟಣ ಹೊಳೆಯ ದಡದಲ್ಲಿ. ಜಾತಿ, ಧರ್ಮ ಕೇಳದೆ ಎಲ್ಲರನ್ನೂ ಒಳಗೆ ಬಿಡುವ ಜಾಗ. ನಾಯಿಗಳು ಅಲ್ಲಿ ಮುತ್ತಪ್ಪನವು, ಯಾರೂ ಓಡಿಸುವುದಿಲ್ಲ; ಮೂರು ವರ್ಷದ್ದು ಬಾಗಿಲಿನ ಕಂಚಿನ ನಾಯಿಯನ್ನು ಬಿಟ್ಟು ಬರಲು ಒಪ್ಪಲಿಲ್ಲ. ಮುತ್ತಪ್ಪನ ವೇಷ ಕಟ್ಟಿ ಕುಣಿಯುವ ಸಂಜೆಯ ವೆಳ್ಳಾಟ ನೋಡಿದೆವು. ತುಳುನಾಡಿನ ಕೋಲ ನೋಡಿ ಬೆಳೆದ ಅತ್ತೆ ಮುತ್ತಪ್ಪನ ಮುಡಿಯನ್ನು, ಮುಖವರ್ಣಿಕೆಯನ್ನು ಬಹಳ ಹೊತ್ತು ನೋಡಿದರು. ಬಂದವರಿಗೆಲ್ಲ ಪ್ರಸಾದವಾಗಿ ಬೇಯಿಸಿದ ಕಾಳು, ತೆಂಗಿನಕಾಯಿ ಹೋಳು, ಚಹಾ. ‘ಇದು ನನಗೆ ಆಗ್ತದೆ’ ಎಂದು ಅತ್ತೆ ಕಾಳನ್ನು ಒಂದೂ ಬಿಡದೆ ತಿಂದರು.

ಮನೆ ಸೇರುವಾಗ ಒಂಬತ್ತೂವರೆ. ಮಕ್ಕಳನ್ನು ಎತ್ತಿಕೊಂಡು ಇಳಿಸಬೇಕಾಯಿತು. ಗಂಜಿ, ಉಪ್ಪಿನಕಾಯಿ ಉಂಡೆವು, ಒದ್ದೆ ಬಟ್ಟೆಗಳನ್ನು ದನದ ಕೊಟ್ಟಿಗೆಯ ಹಗ್ಗದ ಮೇಲೆ ಹರವಿದೆವು. ಮಲಗುವ ಮೊದಲು ಅತ್ತೆಯ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದೆ: 138. ಹಾಳೆಯ ಕೊನೆಯಲ್ಲಿ ಅದನ್ನೂ ಬರೆದಿಟ್ಟೆ.